ಅರವತ್ತಮೂರು ಹಲ್ಲಿನ ಚಕ್ರ

ಚಕ್ಕುಲಿ ಒರಳಿನ ತಿರುಪಿಗೆ ಮರೆ ಹೋಯಿತು.
ಆದದ್ದು ಅಷ್ಟೇ.
"ಎಂಟು ಪೌಂಡಿಗೆ ಲೆಸ್ಟರಿನಲ್ಲಿ ಹೊಸದೇ ಸಿಗುತ್ತೆ"
ಎಂದ ಚಂದ್ರಹಾಸ, ಪೇಪರಿನಿಂದ ತಲೆಯೆತ್ತದೆ.
ನಾನಾಗಲೇ ನಾನೂರು ಪೌಂಡಿನೊಳಗಿನ
ಲೇತ್ ಹುಡುಕತೊಡಗಿದ್ದೆ.

ಹಗಲೆಲ್ಲ ಕನ್ನಡಕದಂಗಡಿಯ ಹಿಂಬದಿಯಲ್ಲಿ
ಇನ್ನೊಬ್ಬರ ಕಣ್ಣಿಗೆ ಗಾಜು ಉಜ್ಜುವವಳು;
ಕೂದಲೆಳೆ ಎಂಬುದು ನನಗೆ ಬರೀ ಮಾತಲ್ಲ, ಸಂಬಳ.
ಗಾಜು ಸಾಕಾಗಿತ್ತು. ಲೋಹ ಬೇಕೆನಿಸಿತ್ತು.
ಒರಳು ನೆಪ.
ಇದನ್ನು ಮನೆಯಲ್ಲಿ ಹೇಳಿಲ್ಲ.

ಮೊದಲು ನೋಡಿದ್ದು ಬ್ರಾಡ್‌ಫರ್ಡಿನಲ್ಲಿ,
ಹೊಚ್ಚ ಹೊಸದು, ಧಾರೆಸೀರೆಯ ಕೆಂಪು.
ಹಿಡಿಕೆ ತಿರುಗಿಸಿದರೆ ಕಾಲು ಸುತ್ತು ಸುಮ್ಮನೆ ಹೋಗಿ
ಆಮೇಲೆ ಏನೋ ನೆನಪಾದಂತೆ ಉಳಿ ಹೊರಡುತ್ತಿತ್ತು.
ಗೇರು ಪ್ಲಾಸ್ಟಿಕ್ಕಿನದು. ಹಾಸಿನ ಮೇಲೆ ಬೆರಳಾಡಿಸಿದೆ:
ಎಣ್ಣೆಯಡಿ ಮರಳು.
"ಬಿಚ್ಚಿ ತೊಳೆದು ಮತ್ತೆ ಜೋಡಿಸಿದರೆ ಒಳ್ಳೇ ಯಂತ್ರ"
ಎಂದ ಅಂಗಡಿಯ ಹುಡುಗ, ಪ್ರಾಮಾಣಿಕ.
ಕಾಸಿಗೆ ತಕ್ಕ ಕಜ್ಜಾಯ, ಸರಿ;
ಬೆಲ್ಲವನ್ನೂ ನಾವೇ ತರಬೇಕು.

ಎರಡನೆಯದು ಕೀತ್ಲಿಯಲ್ಲಿ.
ಬರೆಯುವುದೊಂದು, ಕರೆಯುವುದೊಂದು ಊರು.
ಹೊಗೆ ಹಿಡಿದ ಕಲ್ಲಿನ ಮನೆಸಾಲು, ಏದುಸಿರಿನ ಬೀದಿ,
ತುದಿಯಲ್ಲಿ ವಿಲ್ಫ್ ಆಕ್‌ರಾಯ್ಡನ ತಗಡಿನ ಷೆಡ್ಡು.
ನನ್ನ ಹೆಗಲಾಚೆ ಇಣುಕಿದ.
"ಯಜಮಾನರು ಕಾರು ನಿಲ್ಲಿಸ್ತಿದ್ದಾರಾ?"
"ಯಜಮಾನರು ಕ್ರಿಕೆಟ್ ನೋಡ್ತಿದ್ದಾರೆ."

ಬೂದುಬಣ್ಣ. ವಯಸ್ಸಿನಲ್ಲಿ ನನಗಿಂತ ಹಿರಿದು.
ಕೈಯಿಟ್ಟಲ್ಲೆಲ್ಲ ಬಣ್ಣ ಎದ್ದು ಕಬ್ಬಿಣ ಮಿರುಗಿದೆ.
ಅಳತೆಯ ಗಡಿಯಾರ ನನ್ನ ಕೈಗೇ ಕೊಟ್ಟ: "ನೀವೇ ನೋಡಿ."
ಚಕ್ಕಿನ ಬಳಿ ಮುಳ್ಳು ಮೂರು ಥೌ ಕುಸಿಯಿತು,
ಆಚೆ ಸರಿದಂತೆ ಚೇತರಿಸಿಕೊಂಡು ನಿಂತಿತು.
ಯಾರೂ ಹೋಗದ ಆ ತುದಿಯಲ್ಲಿ
ಕಾರ್ಖಾನೆಯಲ್ಲಿ ಯಾರೋ ಕೈಯಾರೆ ಕೆರೆದ ಗುರುತು
ಮೀನಿನ ಹುರುಪೆಯಂತೆ, ಇನ್ನೂ ಹಸಿ.
"ಎಲ್ಲ ಕೆಲಸ ಹತ್ತಿರದ ಆರಿಂಚಲ್ಲೇ ಮುಗಿಯುತ್ತೆ.
ಉದ್ದದ ಹಾಸು ಬೇಕೇ ಬೇಕು ಅಂತ ಹಟ ಹಿಡಿದು ಕೊಂಡೆ.
ಆ ಕಡೆ ಟೀ ಇಡೋಕಾಯ್ತು."
ಲೋಟದ ಉಂಗುರ ಅಲ್ಲೇ ಇತ್ತು, ಒಂದರ ಮೇಲೊಂದು.

ನಮ್ಮಲ್ಲಿ ಬೆಣ್ಣೆಗೂ ಕಂಬಕ್ಕೂ ಒಂದೇ ಮಾತು, ಕಡೆಯುವುದು.
ಹೇಳಲು ಹೊರಟೆ;
ಮಜ್ಜಿಗೆಯ ಹತ್ತಿರ ನನ್ನ ಇಂಗ್ಲಿಷು ನಿಂತಿತು.

ದಾನಕ್ಕೆ ಬಂದ ಎಮ್ಮೆಯ ಹಲ್ಲು ನೋಡಬಾರದಂತೆ.
ಇದು ದುಡ್ಡಿನ ಎಮ್ಮೆ.
ಬಿಸ್ಕತ್ತಿನ ಡಬ್ಬಿ ಬಗ್ಗಿಸಿ ಚಕ್ರಗಳನ್ನು ಸಾಲಾಗಿಟ್ಟು
ಸೀಮೆಸುಣ್ಣದ ಗುರುತು ಹಾಕಿ ಎಣಿಸಿದೆ,
ಇಪ್ಪತ್ತು, ಮೂವತ್ತು, ಮೂವತ್ತೆಂಟು, ಅರವತ್ತು.
ಅರವತ್ತಮೂರಿಲ್ಲ.
ಇಂಚಿನ ಯಂತ್ರಕ್ಕೆ ಮಿಲಿಮೀಟರು ಕಲಿಸುವ ಚಕ್ರ ಅದೇ.
(ನನ್ನ ಒರಳಿನ ಮರೆ ಎರಡಕ್ಕೂ ಸೇರಿದ್ದಲ್ಲ,
ಯಾವನೋ ಕಂಚುಗಾರ ಕಣ್ಣಳತೆಯಲ್ಲಿ ಕೊರೆದದ್ದು.
ಆದರೂ ಇಲ್ಲದ್ದು ಇಲ್ಲದ್ದೇ.)
"ನಲವತ್ತು ಇಳಿಸಿ" ಎಂದೆ.
ಹರಿದ ಬನಿಯನ್ನಿಗೆ ಬಹಳ ಹೊತ್ತು ಕೈ ಒರೆಸಿದ.
"ಮೂವತ್ತು."
ಮುನ್ನೂರ ಐವತ್ತಕ್ಕೆ ಮುಗಿಯಿತು.

ಮೂರು ತುಂಡು ಮಾಡಿ ಇಳಿಸಿದೆವು ಬೀದಿಯಲ್ಲಿ,
ಮುದುಕ ಮುಂದೆ, ನಾನು ಹಿಂದೆ.
ದಾರಿಗುಂಟ ತಲೆಭಾಗಕ್ಕೆ ಸೀಟುಬೆಲ್ಟು.

ನೆಲಮಾಳಿಗೆಯಲ್ಲಿ ಮೊದಲ ಸಲ ಹಿತ್ತಾಳೆಗೆ ಉಳಿ ತಾಗಿಸಿದಾಗ
ಚಕ್ಕುಲಿಯಂತೆ ಸುರುಳಿ ಬರುತ್ತದೆಂದುಕೊಂಡಿದ್ದೆ.
ಉದುರಿದ್ದು ರವೆ.
ಸಣ್ಣ ರವೆ, ಬೆಚ್ಚಗೆ, ಮುಂಗೈ ಮೇಲೆ, ರವಿಕೆಯೊಳಗೆ.

ಹದಿನೈದು ದಿನಕ್ಕೆ ಪೋಸ್ಟಿನಲ್ಲಿ ಒಂದು ಕಾಲುಚೀಲ ಬಂತು,
ಒಳಗೆ ಅರವತ್ತಮೂರು ಹಲ್ಲು. ಒಂದು ಚೀಟಿ:
"ಹೂಗಡ್ಡೆಯ ಡಬ್ಬಿಯಲ್ಲಿ ಸಿಕ್ಕಿತು.
ಮೂವತ್ತು ಪೌಂಡು ಕಳಿಸಿ."

ಒರಳು ಇನ್ನೂ ಹಾಗೇ ಇದೆ.
ಚಂದ್ರಹಾಸ ಲೆಸ್ಟರಿನಿಂದ ಎಂಟು ಪೌಂಡಿನದು ತಂದಿದ್ದಾನೆ.
ಅದರ ತಿರುಪು ತುಸು ಬಿಗಿಯಂತೆ.
ಹಾಗೇ ಬಿಡು, ನೋಡುತ್ತೇನೆ, ಅಂದಿದ್ದೇನೆ.