ಹತ್ತು ಮುಳ್ಳುಚಮಚ

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅವರು ಇಳಿಯುತ್ತಾರೆ,
ಸಂಜೆ ಐದಕ್ಕೆ ಬೇರೆಯವರು ಹತ್ತುತ್ತಾರೆ.
ನಡುವಿನ ಎಂಟು ಗಂಟೆ ಈ ದೋಣಿ ನನ್ನದು.

ಹೆಸರು ಬೊನಾತ್ಸ. ನಮ್ಮ ಕಡೆ ಹಾಗೆಂದರೆ
ಗಾಳಿ ಸತ್ತ, ಎಣ್ಣೆ ಸುರಿದಂಥ ಕಡಲು.
ಕ್ಯಾಟಮರಾನ್: ಎರಡು ಹೊಟ್ಟೆ, ನಡುವೆ ಪಡಸಾಲೆ,
ಮೂತಿಗೆ ಬಿಗಿದ ಬಲೆ.

ಈ ವಾರ ಹತ್ತು ಜನ, ಬರ್ನೋದಿಂದ,
ಕಡಲೇ ಇಲ್ಲದ ಸೀಮೆಯವರು.
ಲೂಬೊಶ್ ಎಂಬವನು ಜನವರಿಯಿಂದಲೇ
ತಲೆಗಿಷ್ಟೆಂದು ವಂತಿಗೆ ಎತ್ತಿ
ಮೂರು ಸಾವಿರ ಯೂರೋ ಠೇವಣಿ ಇಟ್ಟು
ಹದಿನಾರು ಕಡೆ ರುಜು ಹಾಕಿದ್ದ:
ಗೀರು ಬಿದ್ದರೆ ಇಷ್ಟು, ಲಂಗರು ಕಳೆದರೆ ಇಷ್ಟು,
ಶೌಚದ ಕೊಳವೆ ಕಟ್ಟಿದರೆ ಇಷ್ಟು.
ಹಾಕುತ್ತ ಹಾಕುತ್ತ ಅವನ ಕಿವಿ ಕೆಂಪಾದದ್ದನ್ನು
ನೆಲ ಒರೆಸುತ್ತಲೇ ನೋಡಿದ್ದೆ.

ಎಲ್ಲೆಲ್ಲಿ ಹೋದರೆಂದು ತಿಳಿಯಲು ದಿನಚರಿ ಬೇಕಿಲ್ಲ.
ಬಚ್ಚಲ ಜಾಲರಿಯಲ್ಲಿ ಬ್ರಾಚ್ ದ್ವೀಪದ ಬಿಳಿ ಹರಳು.
ಹಾಸಿಗೆಯಡಿ ಹ್ವಾರ್‌ನ ಲ್ಯಾವೆಂಡರ್ ಪೊಟ್ಟಣ,
ಹೊಲಿಗೆ ಬಿಟ್ಟಿದೆ.
ಕೊಮಿಜಾದ ಮೀನುರೊಟ್ಟಿಯ ಚೂರು
ನಕ್ಷೆಯ ಮಡಿಕೆಯೊಳಗೆ.
ಬುಧವಾರ ತೆಂಕಣ ಗಾಳಿ, ಯೂಗೊ, ಬೀಸಿರಬೇಕು:
ಬಕೆಟ್ಟುಗಳು ಅತಿಯಾಗಿ ಶುಭ್ರವಾಗಿವೆ.

ಇನ್ನೊಂದು ಗೊತ್ತು.
ಎಡ ಹೊಟ್ಟೆಯ ಹಿಂದಿನ ಕೋಣೆಯಲ್ಲಿ
ಒಂದೇ ದಿಂಬು ತಗ್ಗಿದೆ.
ಇನ್ನೊಂದು ಮೂತಿಯ ಬಲೆಯ ಮೇಲೆ
ಇಬ್ಬನಿ ಕುಡಿದು ಭಾರವಾಗಿ ಬಿದ್ದಿದೆ,
ಅದಕ್ಕಂಟಿದ ಒಂದು ನೀಳ ನರೆಗೂದಲು.
ಯಾರವಳು, ಏಳು ರಾತ್ರಿ ಯಾಕೆ ಒಳಗೆ ಮಲಗಲಿಲ್ಲ,
ಜಗಳವೋ, ಸೆಕೆಯೋ, ಬರೀ ನಕ್ಷತ್ರವೋ,
ಠೇವಣಿಯ ಹಾಳೆಯಲ್ಲಿ ಅದಕ್ಕೆ ದರ ಬರೆದಿಲ್ಲ.
ದಿಂಬಿನ ಚೀಲ ಕಳಚಿ ಒಗೆಯಲು ಹಾಕಿದೆ.

ನನಗೆ ಕಡಲು ಆಗದು. ದಡಕ್ಕೆ ಕಟ್ಟಿದ ದೋಣಿಯಲ್ಲೂ
ಫೆರ್ರಿಯ ಅಲೆ ಬಂದರೆ ಕಂಬ ಹಿಡಿಯುತ್ತೇನೆ.
ಹುಟ್ಟಿದ್ದು ನೀರಿಗೆ ನಲವತ್ತೇ ಹೆಜ್ಜೆಯಲ್ಲಿ.
ಬೆಸ್ತರ ಮನೆಯಲ್ಲಿ ಬೆಕ್ಕು ಹುಟ್ಟಿದೆ ನೋಡು
ಅಂತ ಗಂಡ ಯೆರ್ಕೊ ನಗುತ್ತಾನೆ.

ಟೋಂಚಿ ಪಟ್ಟಿ ಹಿಡಿದು ದಡದಿಂದ ಕೂಗುತ್ತಾನೆ.
ತಟ್ಟೆ? ಹತ್ತು.
ಗಾಜಿನ ಲೋಟ? ಎಂಟು, ಎರಡು ಒಡೆದದ್ದು ಅವರೇ ಹೇಳಿದ್ದಾರೆ.
ಮುಳ್ಳುಚಮಚ?

ಒಂಬತ್ತು. ವಾರ ವಾರವೂ ಒಂಬತ್ತು.
ತಟ್ಟೆಯ ಉಳಿಕೆ ಕಡಲಿಗೆ ಕೊಡವುವಾಗ
ಒಂದು ಜಾರುತ್ತದೆ, ಯಾರಿಗೂ ಕೇಳಿಸುವುದಿಲ್ಲ.
ಆಚೆ ಲೂಬೊಶ್ ಚೀಲದ ಮೇಲೆ ಕೂತು
ಬಿಸಿಲಿಗೆ ಸುಟ್ಟ ಮೂಗಿನ ಸಿಪ್ಪೆ ಸುಲಿಯುತ್ತ
ನನ್ನ ಬಾಯನ್ನೇ ನೋಡುತ್ತಿದ್ದಾನೆ.

ಹತ್ತು, ಎಂದೆ.
ಏಪ್ರನ್ನಿನ ಜೇಬಿನಿಂದ ನಮ್ಮ ಮನೆಯದೊಂದನ್ನು
ಸದ್ದಾಗದಂತೆ ಡ್ರಾಯರಿಗೆ ಸೇರಿಸಿದೆ.
ಹಿಡಿಯ ಮೇಲೆ ದ್ರಾಕ್ಷಿಗೊಂಚಲು ಕೆತ್ತಿದ್ದು.
ಮದುವೆಗೆ ಅತ್ತೆ ಕೊಟ್ಟ ಇಪ್ಪತ್ತನಾಲ್ಕರಲ್ಲಿ
ಈಗ ಉಳಿದಿರುವುದು ಐದು.
ಮಿಕ್ಕವು ಕೋರ್ಚುಲ ನೋಡಿವೆ, ಲಾಸ್ತೊವೊ ನೋಡಿವೆ,
ಎರಡೋ ಮೂರೋ ವಿಸ್‌ನ ಹೊರಗಡಲಲ್ಲಿ
ತಳ ಮುಟ್ಟಿರಬೇಕು.

ನಮ್ಮದೆಲ್ಲ ಎಲ್ಲಿ ಹೋಗುತ್ತಿವೆ ಮಾರಾಯ್ತಿ?
ರಾತ್ರಿ ಊಟಕ್ಕೆ ಕೂತಾಗ ಯೆರ್ಕೊ ಕೇಳುತ್ತಾನೆ.
ರಜೆಗೆ, ಎನ್ನುತ್ತೇನೆ.
ಅವನು ಬೈಗೆಯ ಮುಳ್ಳು
ಕೈಯಲ್ಲೇ ಬಿಡಿಸುತ್ತಾನೆ.