ಇತರೆ

ಮೂವತ್ತೊಂದು ವರ್ಷ ಬ್ಯಾಡಗಿಯ ಅಡತಿ ಅಂಗಡಿಯೊಳಗ
ಲೆಕ್ಕಪಟ್ಟಿ ಬರದ ಕೈ ಇದು.
ಡಬ್ಬಿ ಇಷ್ಟು, ಕಡ್ಡಿ ಇಷ್ಟು, ತೂಕ ಇಷ್ಟು,
ಕೆಳಗ ಸಣ್ಣ ಅಕ್ಷರದಾಗ
ಹಮಾಲಿ, ತೂಕದವನ ಕೂಲಿ, ಚೀಲ, ಸುತಳಿ,
ಕಡೀಕ, ಗೆರಿ ಎಳಿಯೂಕಿಂತ ಮೊದಲು: ಇತರೆ.

ಸಾವಕಾರರ ಬಾಕಿ ವಸೂಲಿಗೆ
ಇಂದೂರು, ದಿಲ್ಲಿ, ಅಹಮದಾಬಾದು ಅಂತ ಹಾರೇನಿ.
ಕೈಚೀಲದ ಸ್ಯಾಂಪಲ್ ಪೊಟ್ಟಣ ಬಿಚ್ಚಿ
ತಪಾಸಣೆಯವರು ಮೂರು ಮಂದಿ ಸಾಲಾಗಿ ಸೀನಿದ್ದೂ ಉಂಟು.
ಟಿಕೀಟು ಸಾವಕಾರರದು, ಮೈಲು ನನ್ನ ಹೆಸರಿಗೆ.
ಮುಗಿಲಾಗ ಮೈಲುಗಲ್ಲು ಯಾರು ನೆಟ್ಟರೋ, ಯಾರು ಎಣಿಸಿದರೋ,
ಒಂದಿನ ಫೋನು ಅಂತು: ಇಪ್ಪತ್ತೆರಡು ಸಾವಿರ ಜಮಾ.
ಎರಡು ಟಿಕೀಟು ಪುಕ್ಕಟೆ.

"ಮುಂಬಯಿಗೆ ಹೋಗೂಣು, ಕಡಲು ನೋಡೂಣು" ಅಂದೆ.
"ಕಡಲು ಕಾರವಾರದಾಗೂ ಐತಿ" ಅಂದ್ಲು ಕಸ್ತೂರಿ,
ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ.
ಆಮ್ಯಾಲ ತುಸು ತಡದು,
"ಕಿಡಕಿ ಕಡೆ ಕೂಡಾಕ ಬಿಡತಾರೇನು?"

ಸ್ಟ್ಯಾಂಡಿನ ಎದುರು ಇರ್ಫಾನನ ಕಂಪ್ಯೂಟರ್ ಅಂಗಡಿ.
ಹುಬ್ಬಳ್ಳಿಂದ ಮುಂಬಯಿ, ಎರಡು ಸೀಟು.
ದರ: ಸೊನ್ನೆ.
ಎಷ್ಟು ದುಂಡಗ, ಎಷ್ಟು ಚಂದ ಇತ್ತು ಆ ಸೊನ್ನೆ!
ಹುಡುಗ ಮೌಸು ಸರಿಸಿದ.
ಇಂಧನದ್ದು ಒಂದು, ನಿಲ್ದಾಣದ್ದು ಒಂದು,
ನಮ್ಮ ಕಿಸೆ ಮುಟ್ಟಿ ನೋಡವರದು ಒಂದು,
ಅನುಕೂಲ ಶುಲ್ಕ ಅಂತ ಮತ್ತೊಂದು.
ಯಾರ ಅನುಕೂಲವೋ, ಬರೆದಿರಲಿಲ್ಲ.
ಕಿಡಕಿಗೆ ಬ್ಯಾರೆ.
ಕಿಡಕಿಯವಳ ಬಾಜೂಕ ಕೂಡಾಕ ಬ್ಯಾರೆ.

"ಇಪ್ಪತ್ತೊಂಬತ್ತು ವರ್ಷ ಬಾಜೂಕ ಕುಂತೇವಪಾ,
ಬಸ್ಸಿನಾಗ, ಟಂಟಂದಾಗ, ದವಾಖಾನಿ ಬಾಕಿನ ಮ್ಯಾಲ,
ಯಾರೂ ರೊಕ್ಕ ಕೇಳಿಲ್ಲ."
ನಕ್ಕ. ಮೊತ್ತ ತೋರಿಸಿದ.
ಏಳು ಸಾವಿರದ ಮುನ್ನೂರಾ ಹದಿನೆಂಟು.
ಕಟ್ಟಕಡೆಯ ಸಾಲು ಇಂಗ್ಲಿಷಿನಾಗಿತ್ತು,
ಆದರೂ ನನಗ ಹಳೇ ಗುರುತಿನದು.
"ಈ ಇತರೆ ಅಂದ್ರೇನಪಾ?"
"ಅದು ಇರತೈತ್ರಿ ಕಾಕಾ."

ಇರತೈತಿ.
ಮೋಟೆಬೆನ್ನೂರಿನ ಫಕೀರವ್ವ, ಮೂರು ಚೀಲ ಡಬ್ಬಿ,
ಪಟ್ಟಿಯ ಮ್ಯಾಲ ಬಟ್ಟು ಇಟ್ಟು ಕೇಳಿದ್ಲು
ಇದೇ ಮಾತು.
ಓದು ಬಾರದ ಬಟ್ಟು
ಬರೋಬ್ಬರಿ ಅದೇ ಸಾಲಿನ ಮ್ಯಾಲ ಹೆಂಗ ಬಿತ್ತೋ.
ಪೆನ್ನಿಗೆ ಟೋಪಿಗಿ ಹಾಕುತ್ತ ನಾ ಅಂದಿದ್ದೆ:
"ಅದು ಇರತೈತವ್ವಾ."
ನಲವತ್ತು ರೂಪಾಯಿ.
ಉಳಿದದ್ದು ಸೆರಗಿಗೆ ಗಂಟು ಹಾಕಿಕೊಂಡು
ಕೆಂಪು ಧೂಳಿನೊಳಗ ಮೆಟ್ಟಿಲು ಇಳಿದು ಹೋದಳು.
ಸೀನಿದಳೋ ಅತ್ತಳೋ,
ಬ್ಯಾಡಗಿಯೊಳಗ ಅದು ಗೊತ್ತಾಗೂದಿಲ್ಲ.

ಕಿಡಕಿಗೆ ಕೊಟ್ಟೆ. ಬಾಜೂಕಿನದಕ್ಕ ಕೊಡಲಿಲ್ಲ.
ಆಕಿ ಆರನೇ ಸಾಲು, ನಾ ಇಪ್ಪತ್ತಮೂರು.
ಇಷ್ಟು ಸಲ ಹಾರಿದರೂ ನಿದ್ದಿ ಹೊಡದವ ನಾನು,
ಮ್ಯಾಲಿಂದ ನಮ್ಮ ಮೆಣಸಿನಕಾಯಿ ಕಣ
ಕೆಂಪಗ ಕಾಣತಾವೋ ಇಲ್ಲೋ
ಇಳಿದ ಮ್ಯಾಲ ಆಕೀನ್ನ ಕೇಳಬೇಕು.

ರಸೀದಿ ನಾಲ್ಕು ಮಡಿಕಿ ಮಾಡಿ ಒಳಗಿಸೆಕ ಇಟ್ಟೇನಿ.
ಮನಿಯಾಗ ಪುಕ್ಕಟೆ ಸಿಕ್ತು ಅಂತಲೇ ಹೇಳೇನಿ.