ಗುಡುಗಿನ ದಿನ

ಗುಡುಗಿನ ದಿನವೆಂದರೆ
ಒಂದು ಸಲವಾದರೂ ಗುಡುಗು ಕಿವಿಗೆ ಬಿದ್ದ ದಿನ.
ಮಿಂಚು ಕಂಡರೆ ಲೆಕ್ಕಕ್ಕಿಲ್ಲ.
ಮಳೆ ಬಂತೋ ಬಿಟ್ಟಿತೋ, ಅದೂ ಇಲ್ಲ.
ಒಂದೇ ಗುಡುಗಾಗಲಿ ನೂರಾಗಲಿ, ದಿನ ಒಂದೇ.
ಕೇಳಿದವರೊಬ್ಬರು ಇರಬೇಕು, ನಿಯಮ ಅಷ್ಟೇ.

ವಿಜಯಪುರದ ಕಚೇರಿಯಲ್ಲಿ, ಗರಗರ ಫ್ಯಾನಿನ ಕೆಳಗೆ
ಹಾಳೆ ಹಾರದಂತೆ ಮೊಣಕೈ ಊರಿ
ಮೂವತ್ತು ವರ್ಷದ ವಹಿಗಳನ್ನು ಕೂಡಿಸುತ್ತಿದ್ದೆ:
ಯಾವ ಊರು, ಯಾವ ತಿಂಗಳು, ಎಷ್ಟು ಗುಡುಗು.

ಜುಲೈ ಬಹುತೇಕ ಖಾಲಿ ಕಾಲಂ.
ಆರಿದ್ರಾ, ಪುನರ್ವಸು, ಪುಷ್ಯ.
ಪಡುವಣ ಗಾಳಿಗೆ ಮೋಡಗಳು ಓಡುತ್ತವೆ,
ಬೇರೆ ಊರಿನ ಮದುವೆಗೆ ಹೊರಟ ಬೀಗರ ಹಾಗೆ,
ನಮ್ಮ ಸ್ಟಾಪಿನಲ್ಲಿ ಇಳಿಯುವುದಿಲ್ಲ.

ನಾನು ಹುಟ್ಟಿದ ಕಣಕುಂಬಿಯಲ್ಲಿ ಅವೇ ಮೋಡಗಳು
ವಾರಗಟ್ಟಲೆ ಸುರಿಯುತ್ತವೆ, ಬಾಯಿ ಬಿಡದೆ.
ಇಡೀ ಆಷಾಢ ಒಂದು ಗುಡುಗಿಲ್ಲದೆ ತೊಯ್ದದ್ದುಂಟು.
ಅಲ್ಲಿಯದು ಒಗೆತನದ ಮಳೆ.
ಇಲ್ಲಿ, ಇಂಡಿ ಸಿಂದಗಿ ಕಡೆ, ಜಗಳದ ಮಳೆ:
ಏಪ್ರಿಲ್ ಮೇ ತಿಂಗಳ ಇಳಿಹೊತ್ತು,
ನೆಲ ಹಂಚಿನಂತೆ ಕಾದು,
ಮೂಡಲ ದಿಕ್ಕಿಗೊಂದು ಕರೀ ಗೋಡೆ ಎದ್ದು,
ಅಬ್ಬರಿಸಿ, ಹತ್ತು ಹನಿ ಚೆಲ್ಲಿ, ಬಾಗಿಲು ಹಾಕಿಕೊಂಡು ಹೋಗುವುದು.
ಹುಬ್ಬಾ, ಉತ್ತರಾ, ಹಸ್ತಕ್ಕೆ ಮತ್ತೊಂದು ಸುತ್ತು.
ದೀಪಾವಳಿಗೆ ಎಲ್ಲ ವಹಿಗಳೂ ಸುಮ್ಮನಾಗುತ್ತವೆ.

ಹೊರ್ತಿಯ ವಹಿ ಮಾತ್ರ ಹೊಂದಲಿಲ್ಲ.
ಮೇ ತಿಂಗಳಿಗೆ ಒಂಬತ್ತು. ಮರುವರ್ಷ ಏಳು.
ಆಮೇಲೆ ಐದು, ಮೂರು, ಮೂರು, ಒಂದು.
ಅತ್ತ ಇಂಡಿಗೆ ಹತ್ತು, ಇತ್ತ ಝಳಕಿಗೆ ಎಂಟು,
ನಡುವೆ ಹೊರ್ತಿಯ ಆಕಾಶಕ್ಕೆ
ಯಾರೋ ಗೋಣಿಚೀಲ ತುರುಕಿದಂತೆ.
"ಹವಾಮಾನ ಬದಲಾವಣೆ" ಎಂದು ಸಾಹೇಬರು ಷರಾ ಬರೆದರು,
ಹಸಿರು ಶಾಯಿಯಲ್ಲಿ.
ನಾನು ಬಸ್ಸು ಹತ್ತಿದೆ.

ಮಳೆಮಾಪಕ ಸರಿಯಾಗಿಯೇ ಇತ್ತು,
ನಿಂಬೆಗಿಡದ ನೆರಳು ತಾಗದಷ್ಟು ದೂರ, ತಂತಿಬೇಲಿಯೊಳಗೆ.
ಲಾಡ್ಲೇಮಶಾಕ ನದಾಫ, ವಯಸ್ಸು ಅರವತ್ತೇಳು,
ಮುಂಜಾನೆ ಎಂಟೂವರೆಯ ಅಳತೆ ಒಂದು ದಿನ ತಪ್ಪಿಸಿದವರಲ್ಲ.
ನಮಸ್ಕಾರ ಎಂದೆ. ಅವರು ನನ್ನ ತುಟಿ ನೋಡಿದರು.
ಇನ್ನೊಮ್ಮೆ ಎಂದೆ. ತುಟಿಯನ್ನೇ ನೋಡಿದರು.

ಹಾಜರಾಬಿ ಚಹಾ ಇಟ್ಟರು:
"ಸಣ್ಣಂದಿನಿಂದ ಬಿಲ್ಲು ಬಾರಿಸಿ ಅರಳಿ ಹಿಂಜಿದ ಕಿವಿರೀ,
ಆಮ್ಯಾಲ ಗಾದಿ ಅಂಗಡಿ ಮಷೀನು.
ಈಗ ಗಡಿಯಾರ ನೋಡಿ ನಮಾಜಿಗೆ ಹೊಂಡತಾರ."

"ಕೇಳದ್ದನ್ನ ಹ್ಯಾಂಗ ಬರೀಲಿ?"
ನಾನು ಕೇಳದೆಯೇ ಅವರು ಹೇಳಿದರು, ಗಟ್ಟಿಯಾಗಿ.
"ಮಿಂಚು ಕಾಣ್ತದ. ಮಿಂಚಿಗೆ ಕಾಲಮ್ಮಿಲ್ಲ.
ಹಾಕ್ರಿ ಹಾಕ್ರಿ ಅಂತಾಳ ಇಕಿ. ಇಕಿ ಕಿವಿಗೆ ಸರಕಾರ ಪಗಾರ ಕೊಡ್ತದೇನು?"

ಹಾಗಾದರೆ ಈ ಒಂದು? ಮೇ ಹತ್ತೊಂಬತ್ತು?
ಬೆರಳಿಟ್ಟು ತೋರಿಸಿದೆ.
ಎದ್ದು ಹೋಗಿ, ಜಗಲಿಯ ಹಿತ್ತಾಳೆ ಕೊಡಕ್ಕೆ
ಅಂಗೈ ಒತ್ತಿ ನಿಂತರು.
"ಅವತ್ತ ಇದರಾಗ ಬಂತು. ಮೊಣಕೈಗೆ ಏರ್ತು. ಹಲ್ಲಿಗೆ ಹತ್ತಿತು.
ಮ್ಯಾಲ ಕುಂತ ನದಾಫ ಅರಳಿ ಹಿಂಜಲಿಕ್ಕೆ ಹತ್ತಿದ್ದ."

ನಾಲ್ಕು ಗಂಟೆಗೆ ಮೂಡಲ ಕರ್ರಗಾಯಿತು.
ಕೋಳಿ ಬುಟ್ಟಿಯ ಕಡೆ ನಡೆದವು.
ದೂರದಲ್ಲಿ, ಖಾಲಿ ಟ್ರಕ್ಕು ಹಂಪ್ ಹಾರಿದಂತೆ, ಒಂದು.
ಅವರು ನನ್ನ ಮುಖವನ್ನೇ ನೋಡುತ್ತಿದ್ದರು.
"ಬಂತೇನು?"
ತಲೆಯಾಡಿಸಿದೆ.
ಪೆನ್ಸಿಲ್ ಕೈಗೆತ್ತಿಕೊಂಡರು. ತುದಿ ನೋಡಿದರು.
ಮತ್ತೆ ಕಿವಿಯ ಹಿಂದೆ ಸಿಕ್ಕಿಸಿಕೊಂಡರು.
"ನಿಮ್ಮ ಕಿವಿ ನಿಮ್ಮ ವಹಿಗೆ, ಬಾಯಿಯವರ."

ಕೊನೇ ಬಸ್ಸಿನಲ್ಲಿ ಮಳೆಯಿಲ್ಲ, ಧೂಳು ಮಾತ್ರ.
ಷರಾ ಹೊಡೆದುಹಾಕಿ ಏನು ಬರೆಯುವುದು?
ಊರಿನಲ್ಲಿ ಗುಡುಗಿದೆ, ಕಿವಿಯಿಲ್ಲ, ಎಂದೇ?
ಸಾಹೇಬರು ಹೊಸ ಕಿವಿಯನ್ನು ನೇಮಿಸುತ್ತಾರೆ, ಗೊತ್ತಿದೆ.

ಕಿಟಕಿಯ ಸರಳಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ಕೂತೆ.
ಮೊಣಕೈಗೆ ಏರಿತು.
ಹಲ್ಲಿಗೂ ಬಂತು.
ಎಂಜಿನ್ನೋ, ಆಕಾಶವೋ,
ವಿಜಯಪುರದ ತನಕ ಗೊತ್ತಾಗಲಿಲ್ಲ.